ಡಿಸ್ಚಾರ್ಜ್ ಚೀಟಿ ಯಾರಿಗಾಗಿ?

ಹೃದಯದ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಬಾಗಿಲ ಬಳಿ ಕಾದು ನಿಂತ ಮನೆಯವರು ಕೈ ಮುಗಿಯುತ್ತಾರೆ. ಮುಗಿಯತಕ್ಕದ್ದೇ. ಆದರೆ ಅಲ್ಲಿಗೆ ಡಾಕ್ಟರ ಕೆಲಸ ಬಹುಮಟ್ಟಿಗೆ ಮುಗಿದು ತಮ್ಮ ಕೆಲಸ ಈಗಷ್ಟೆ ಮೊದಲಾಯಿತೆಂಬುದು ಅವರಿಗೆ ತಿಳಿದಿರುವುದಿಲ್ಲ. ಶಸ್ತ್ರಚಿಕಿತ್ಸೆ ನಾಲ್ಕಾರು ಗಂಟೆಗಳದು. ಆಸ್ಪತ್ರೆಯ ವಾಸ ಒಂದು ವಾರ ಅಥವಾ ಹತ್ತು ದಿನಗಳದು. ಚೇತರಿಕೆ ಎರಡು ಮೂರು ತಿಂಗಳುಗಳದು. ಆ ತಿಂಗಳುಗಳನ್ನು ದಾಟಿಸತಕ್ಕವರು ಹೆಂಡತಿ, ಮಗ, ಸೊಸೆ, ತಂಗಿ. ಇಷ್ಟು ದೊಡ್ಡ ಹೊಣೆಯನ್ನು ಅವರ ತಲೆಗೆ ಕಟ್ಟುವಾಗ ನಮ್ಮ ಅನೇಕ ಆಸ್ಪತ್ರೆಗಳು ಅವರ ಕೈಗೆ ಕೊಡುವುದು, ಅವರು ಓದಲಾರದ ಭಾಷೆಯ ನಾಲ್ಕು ಹಾಳೆಗಳನ್ನು. ಇದು ಅನ್ಯಾಯ, ಪ್ರಾಣಕ್ಕೆ ಅಪಾಯ ಕೂಡ. ಇದನ್ನೇ ನಾನು ಇಲ್ಲಿ ವಾದಿಸಹೊರಟಿದ್ದೇನೆ.

ನಾನು ವೈದ್ಯನಲ್ಲ, ಹರಪನಹಳ್ಳಿಯಲ್ಲಿ ಕಾಲೇಜಿನ ಹುಡುಗರಿಗೆ ಕನ್ನಡ ಪಾಠ ಹೇಳುವವನು. ವೈದ್ಯಶಾಸ್ತ್ರದಲ್ಲಿ ಕೈಯಾಡಿಸುವ ಅಧಿಕಾರ ನನಗಿಲ್ಲ. ಆದರೆ ಒಂದು ಬರಹ ಯಾರಿಗಾಗಿ ಬರೆದದ್ದು, ಅದು ಅವರನ್ನು ತಲುಪುತ್ತದೆಯೆ ಎಂದು ಕೇಳುವುದು ನನ್ನ ಕಸುಬು.

ವೈದ್ಯರ ಸಾಧನೆಯನ್ನು ಹಳಿಯುವ ಉದ್ದೇಶ ನನಗೆ ಇಲ್ಲ. 1953ರ ಮೇ ತಿಂಗಳಿನಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಡಾ. ಜಾನ್ ಗಿಬ್ಬನ್ ಅವರು, ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಯಂತ್ರವೊಂದಕ್ಕೆ ಒಪ್ಪಿಸಿ, ಹದಿನೆಂಟು ವರ್ಷದ ಹುಡುಗಿಯ ಹೃದಯವನ್ನು ತೆರೆದು ಸರಿಪಡಿಸಿದರು. ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ಹರಪನಹಳ್ಳಿಯು ಬಳ್ಳಾರಿಯ ಇತರ ಕನ್ನಡ ತಾಲ್ಲೂಕುಗಳೊಡನೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1960ರಲ್ಲಿ ಸ್ಟಾರ್ ಎಂಬ ಶಸ್ತ್ರವೈದ್ಯರೂ ಎಡ್ವರ್ಡ್ಸ್ ಎಂಬ ಇಂಜಿನಿಯರೂ ಕೂಡಿ ಕೃತಕ ಕವಾಟವನ್ನು ಮನುಷ್ಯನ ಎದೆಯಲ್ಲಿ ನಿಲ್ಲಿಸಿದರು. 1967ರಲ್ಲಿ ಡಾ. ರೆನೆ ಫವಲೋರೊ ಅವರು ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ಬೈಪಾಸ್ ವಿಧಾನವನ್ನು ನೆಲೆಗೊಳಿಸಿದರು. 1975ರಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಅದನ್ನು ಭಾರತದಲ್ಲಿ ಮಾಡಿ ತೋರಿಸಿದರು.

ಈ ಫವಲೋರೊ ಅವರ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಇವರು ಅರ್ಜೆಂಟೀನಾದವರು. ಜಗತ್ಪ್ರಸಿದ್ಧರಾಗುವುದಕ್ಕೆ ಮೊದಲು ಹನ್ನೆರಡು ವರ್ಷಗಳ ಕಾಲ ಹಸಿಂತೊ ಅರಾವುಸ್ ಎಂಬ ಸಣ್ಣ ಊರಿನಲ್ಲಿ ಹಳ್ಳಿಯ ಡಾಕ್ಟರಾಗಿದ್ದರು. ಅಲ್ಲಿ ಔಷಧ ಕೊಟ್ಟು ಸುಮ್ಮನಾಗದೆ ದಾದಿಯರಿಗೆ, ಶಾಲಾ ಉಪಾಧ್ಯಾಯರಿಗೆ, ರೋಗಿಗಳಿಗೆ, ಅವರವರ ಮಾತಿನಲ್ಲಿಯೇ ಆರೋಗ್ಯದ ಪಾಠ ಹೇಳುತ್ತಿದ್ದರು. ಅವರ ಕೈಚಳಕವನ್ನು ನಾವು ಎರವಲು ತಂದೆವು. ಪಾಠ ಹೇಳುವ ಅವರ ಅಭ್ಯಾಸವನ್ನು ಅಲ್ಲೇ ಬಿಟ್ಟು ಬಂದೆವು.

ನಮ್ಮ ಸರಕಾರಗಳೂ ಕೈಕಟ್ಟಿ ಕುಳಿತಿಲ್ಲ. 2003ರಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. 2018ರಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಈ ಕೊನೆಯ ಯೋಜನೆಯಲ್ಲಿ ದೊರೆಯುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮೆಟ್ಟಿಲ ಮೇಲೆ ನಿಂತರೆ ಕರ್ನಾಟಕದ ಎಲ್ಲ ತಾಲ್ಲೂಕುಗಳ ಮಾತೂ ಕಿವಿಗೆ ಬೀಳುತ್ತದೆ. ನಮ್ಮ ಕಡೆಯ ಜೋಳದ ಹೊಲದವನು ಮೊದಲು ದಾವಣಗೆರೆಗೆ ಹೋಗಿ, ಅಲ್ಲಿಂದ ಮುಂದೆ ಬೆಂಗಳೂರಿಗೆ ಹೋಗಿ, ಹೊಲ ಮಾರದೆ ಎದೆ ತೆರೆಸಿಕೊಂಡು ಬರುವ ಕಾಲ ಬಂದಿದೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಅವನು ಬಸ್ಸಿನಲ್ಲೋ ಬಾಡಿಗೆ ಕಾರಿನಲ್ಲೋ ಮುನ್ನೂರು ಕಿಲೋಮೀಟರು ಹಿಂದಕ್ಕೆ ಬಂದು ತನ್ನ ಮನೆಯ ಪಡಸಾಲೆಯಲ್ಲಿ ಮಲಗಿದ ಮೇಲೆ?

ಅಲ್ಲಿ ಆಗಬೇಕಾದ ಕೆಲಸಗಳನ್ನು ವಾಚಕರು ಒಮ್ಮೆ ಎಣಿಸಿ ನೋಡಬೇಕು. ಎದೆಯ ನಡುವಿನ ಎಲುಬನ್ನು ಕೊಯ್ದು, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳುವುದಕ್ಕೆ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ರೋಗಿ ನೀರಿನ ಕೊಡ ಎತ್ತಕೂಡದು, ಮೊಮ್ಮಗನನ್ನು ಎತ್ತಿಕೊಳ್ಳಕೂಡದು, ಡಾಕ್ಟರು ಹೇಳುವವರೆಗೆ ಬೈಕು ಮುಟ್ಟಕೂಡದು, ಎರಡೂ ಕೈ ಊರಿ ಹಾಸಿಗೆಯಿಂದ ಏಳಕೂಡದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಆದರೂ ಮಲಗಿಯೇ ಇರಕೂಡದು. ದಿನದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡೆಯಬೇಕು. ಮೂರು ಗುಂಡುಗಳಿರುವ ಪ್ಲಾಸ್ಟಿಕ್ಕಿನ ಉಪಕರಣವೊಂದನ್ನು ಆಸ್ಪತ್ರೆಯವರು ಕೊಟ್ಟಿರುತ್ತಾರೆ. ಅದರಲ್ಲಿ ಉಸಿರನ್ನು ಒಳಕ್ಕೆ ಎಳೆದು ಗುಂಡು ಏರಿಸಬೇಕು. ಹೇಳಿಕೊಡದಿದ್ದರೆ ಪೀಪಿಯ ಹಾಗೆ ಊದುವವರೇ ಹೆಚ್ಚು. ಉಪ್ಪು ಇಳಿಸಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತನಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು, ಅಂದರೆ ಒಂದು ಚಹಾ ಚಮಚಕ್ಕೂ ಒಳಗೆ. ಜ್ವರ ಬಂದರೆ, ಗಾಯದಿಂದ ಕೀವು ಜಿನುಗಿದರೆ, ಎದೆಯ ಎಲುಬಿನಲ್ಲಿ ಕಟಕಟ ಶಬ್ದವಾದರೆ, ಕಾಲು ಬಾತು ನಾಲ್ಕೇ ದಿನದಲ್ಲಿ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಕೂಡಲೆ ಆಸ್ಪತ್ರೆಗೆ ಓಡಬೇಕು. ಗಟ್ಟಿ ಮನಸ್ಸಿನ ಗಂಡಸು ಕಾರಣವಿಲ್ಲದೆ ಅತ್ತರೆ ಅದು ಹುಚ್ಚಲ್ಲ, ಇಂಥ ಶಸ್ತ್ರಚಿಕಿತ್ಸೆಯಾದ ಮೇಲೆ ಅನೇಕರಿಗೆ ಹಾಗಾಗುತ್ತದೆ ಎಂಬುದೂ ಮನೆಯವರಿಗೆ ತಿಳಿದಿರಬೇಕು.

ಆಸ್ಪತ್ರೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ವರ್ಷಗಟ್ಟಲೆ ಓದಿದ ದಾದಿಯರು ಸರದಿಯ ಮೇಲೆ ಬರುತ್ತಾರೆ. ಮನೆಯಲ್ಲಿ ಒಬ್ಬಳೇ ಹೆಂಗಸು, ಸರದಿಯಿಲ್ಲದೆ, ರೊಟ್ಟಿ ಬಡಿಯುತ್ತ, ದನಕ್ಕೆ ನೀರು ಕುಡಿಸುತ್ತ, ಇದನ್ನೆಲ್ಲ ನಡೆಸಬೇಕು. "ನಮ್ಮಲ್ಲಿ ಕುಟುಂಬ ಗಟ್ಟಿಯಾಗಿದೆ, ಮನೆಯವರೇ ನೋಡಿಕೊಳ್ಳುತ್ತಾರೆ" ಎಂದು ಸಭೆಗಳಲ್ಲಿ ಹೊಗಳುವವರಿದ್ದಾರೆ. ಕುಟುಂಬವನ್ನು ಹೊಗಳುವುದು ಸುಲಭ. ಅದಕ್ಕೆ ಕಲಿಸುವುದಕ್ಕೆ ಮಾತ್ರ ಅರ್ಧ ಗಂಟೆ ಬೇಕಾಗುತ್ತದೆ.

ನಮ್ಮ ಅಣ್ಣನಿಗೆ ಹೃದಯದ ಕವಾಟ ಬದಲಾಯಿಸಿದರು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆಯನ್ನು ಜನ್ಮವಿಡೀ ನುಂಗಬೇಕು. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಮೈಯಲ್ಲಿ ರಕ್ತಸ್ರಾವವಾಗುತ್ತದೆ. ಆದುದರಿಂದ ಆಗಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ಸರಿಪಡಿಸುತ್ತಿರಬೇಕು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ ಇದರೊಡನೆ ಕೂಡಿದರೆ ಅಪಾಯ. ಸೊಪ್ಪನ್ನು ಕೂಡ ಒಂದು ದಿನ ಬುಟ್ಟಿ ತುಂಬ ತಿಂದು ಒಂದು ವಾರ ಬಿಡಬಾರದು. ದಿನವೂ ಒಂದೇ ಹದದಲ್ಲಿ ತಿನ್ನಬೇಕು. ಪುಂಡಿಪಲ್ಲೆ, ಹಕ್ಕರಿಕೆ ಇಲ್ಲದೆ ಊಟವೇ ಇಲ್ಲದ ಸೀಮೆಗೆ ಇದು ಎಷ್ಟು ಮುಖ್ಯವಾದ ಮಾತು!

ನಮ್ಮ ಅತ್ತಿಗೆ ಏಳನೆಯ ತರಗತಿಯವರೆಗೆ ಓದಿದವರು. ದಿನವೂ ಪತ್ರಿಕೆ ಓದುತ್ತಾರೆ. ಹಾಲಿನ ಲೆಕ್ಕ, ಸಂಘದ ಲೆಕ್ಕ ಬರೆಯುತ್ತಾರೆ. ಆ ನಾಲ್ಕು ಹಾಳೆಗಳನ್ನು ತಿರುವಿ ಹಾಕಿ, "ಇದ್ರಾಗ ನನಗ ಓದಾಕ ಬರೋದು ಅಂಕಿ ಅಷ್ಟ ನೋಡಪ" ಎಂದರು. ಆಸ್ಪತ್ರೆಯಿಂದ ತಂದ ಗುಳಿಗೆ ಒಂದು ಹೆಸರಿನದು. ನಮ್ಮೂರ ಅಂಗಡಿಯಲ್ಲಿ ಸಿಕ್ಕಿದ್ದು ಇನ್ನೊಂದು ಹೆಸರಿನದು. ಒಳಗಿನ ಮದ್ದು ಒಂದೇ. ಅದು ತಿಳಿಯುವ ದಾರಿಯಿಲ್ಲದೆ ಅವರು ಮೂರು ದಿನ ಎರಡನ್ನೂ ಕೊಟ್ಟರು. ಅಣ್ಣನ ಒಸಡಿನಿಂದ ರಕ್ತ ಬಂದಾಗ ದಾವಣಗೆರೆಗೆ ಓಡಿದೆವು. ದೇವರು ದೊಡ್ಡವನು, ಉಳಿದರು. ಊರಿನವರು ಮಾತ್ರ ತೀರ್ಪು ಕೊಟ್ಟೇಬಿಟ್ಟರು: "ಆಕಿಗೆ ಗುಳಿಗಿ ಕೊಡಾಕ ಬರಲಿಲ್ಲ." ಓದಲಾಗದ ಕಾಗದ ಕೊಟ್ಟವರ ಮೇಲೆ ಯಾರೂ ಬೆರಳು ತೋರಿಸಲಿಲ್ಲ, ಓದಲಾಗದವಳ ಮೇಲೆ ತೋರಿಸಿದರು.

ಆ ಹಾಳೆಗಳನ್ನು ನಾನು ಕುಳಿತು ಓದಿದೆ. ನನಗೆ ಇಂಗ್ಲಿಷು ಬರುತ್ತದೆ. ಆದರೂ ಅರ್ಧ ತಿಳಿಯಲಿಲ್ಲ. ಏಕೆಂದರೆ ಮುಖ್ಯವಾದ ಮಾತುಗಳು ಇಂಗ್ಲಿಷಿನಲ್ಲಿಯೂ ಇರಲಿಲ್ಲ. ಓ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ಎರಡು ಸಲ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಬೇಕಾದಾಗ ಮಾತ್ರ. ಇವೆಲ್ಲ ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ರೋಮ್ ಸಾಮ್ರಾಜ್ಯ ಅಳಿದು ಶತಮಾನಗಳಾದವು. ಹರಪನಹಳ್ಳಿಯ ಗೃಹಿಣಿ ರಾತ್ರಿ ಯಾವ ಗುಳಿಗೆ ಕೊಡಬೇಕೆಂಬುದನ್ನು ಇನ್ನೂ ಅದರ ಭಾಷೆಯೇ ಆಳುತ್ತಿದೆ! ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಮೂರು ಸಲ ಬದಲಾಯಿತು, ಚೀಟಿಯ ಭಾಷೆ ಒಂದು ಸಲವೂ ಬದಲಾಗಲಿಲ್ಲ.

ಪರಿಚಯದ ಡಾಕ್ಟರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆಯಲ್ಲಿ ಅದನ್ನೆಲ್ಲ ಕನ್ನಡದ ಒಂದೇ ಪುಟಕ್ಕೆ ಇಳಿಸಿದೆ. ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಎದುರಿಗೆ ಗುಳಿಗೆಯ ಹೆಸರು ಎರಡೂ ಲಿಪಿಗಳಲ್ಲಿ. ಅತ್ತಿಗೆ ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದರು. ಸುದ್ದಿ ಹರಡಿ, ಹೃದಯದ ಕಾಯಿಲೆಯವರ ಮನೆಗಳಿಂದ ಜನ ಬಂದು ನಕಲು ಕೇಳಿದರು. ನಾನು ಕೊಡಲಿಲ್ಲ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗಬಹುದು. ರೋಗಿಯನ್ನು ಕಂಡವರು, ಎದೆ ತೆರೆದವರು, ಸಹಿ ಹಾಕಿದವರು ಬರೆದುಕೊಡಬೇಕಾದ ಪುಟವದು. ಅದಕ್ಕಾಗಿ ಜನ ಕನ್ನಡ ಮೇಷ್ಟ್ರ ಬಾಗಿಲಿಗೆ ಬರಬೇಕಾಗಿದೆ ಎಂಬುದೇ ನನ್ನ ದೂರು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ವೈದ್ಯಶಾಸ್ತ್ರದ ಮಾತನ್ನು ಕನ್ನಡದಲ್ಲಿ ಹೇಳಲಾಗದು ಎಂಬುದು ಮೊದಲನೆಯದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಯನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಬರೆದ. ನಮ್ಮ ಕಾಲಕ್ಕೆ ಬಂದರೆ ವೈದ್ಯೆಯಾಗಿದ್ದ ಅನುಪಮಾ ನಿರಂಜನರ 'ತಾಯಿ ಮಗು' ಎಷ್ಟೋ ಮನೆಗಳಲ್ಲಿ ಹಿರಿಯಳ ಸ್ಥಾನದಲ್ಲಿ ನಿಂತು ಬುದ್ಧಿ ಹೇಳಿತು. ಒಂಬೈನೂರು ವರ್ಷಗಳ ಹಿಂದೆ ದನದ ಔಷಧವನ್ನೇ ಕನ್ನಡ ಹೇಳಬಲ್ಲುದಾಗಿತ್ತು. ಇಂದು ಮನುಷ್ಯನ ಔಷಧವನ್ನು ಹೇಳಲಾರದೆ? ಮೇಲಾಗಿ ನಾನು ಕೇಳುತ್ತಿರುವುದು ಶಾಸ್ತ್ರಗ್ರಂಥವನ್ನಲ್ಲ. ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆಯುವ ಹಾಳೆ ಇಂಗ್ಲಿಷಿನಲ್ಲಿಯೇ ಇರಲಿ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರಕಾರಿ ವೈದ್ಯರು ಔಷಧದ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕೇಳಿದಾಗ ಪರ–ವಿರೋಧ ಚರ್ಚೆ ಎದ್ದಿತು. ನಾನು ಅಷ್ಟು ದೂರ ಹೋಗುವುದಿಲ್ಲ. ಮದ್ದಿನ ಹೆಸರು ಅಂಗಡಿಯವರಿಗೆ ತಿಳಿಯುವಂತೆ ಇರಲಿ. ಆದರೆ "ಭಾರ ಎತ್ತಬೇಡಿ", "ಊಟವಾದ ಮೇಲೆ ಕೊಡಿ", "ಕೀವು ಕಂಡರೆ ಬನ್ನಿ" ಎಂಬ ಮಾತುಗಳಲ್ಲಿ ಯಾವ ಪಾರಿಭಾಷಿಕ ಶಬ್ದವಿದೆ?

ಡಾಕ್ಟರಿಗೆ ಪುರಸೊತ್ತಿಲ್ಲ ಎಂಬುದು ಎರಡನೆಯದು. ನಿಜ, ಇಲ್ಲ. ಡಾಕ್ಟರೇ ಹೇಳಬೇಕೆಂದು ಯಾರು ಹೇಳಿದರು? 2010ರ ದಶಕದಲ್ಲಿ ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ, ನೂರಾ ಹೆಲ್ತ್ ಎಂಬ ಸಂಸ್ಥೆಯ ಜೊತೆಗೂಡಿ, ಹೃದಯದ ಶಸ್ತ್ರಚಿಕಿತ್ಸೆಯಾದವರ ಮನೆಯವರನ್ನು ವಾರ್ಡಿನಲ್ಲಿಯೇ ಕೂರಿಸಿ, ಚಿತ್ರ ತೋರಿಸಿ, ಮಾಡಿಸಿ ನೋಡಿ, ಮನೆಯ ಆರೈಕೆಯನ್ನು ಕಲಿಸುವ ಏರ್ಪಾಡು ಆರಂಭವಾಯಿತು. ಕಲಿಸಿದವರು ದಾದಿಯರು. ಮುಂದೆ ಅದು ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಸರಕಾರಿ ಆಸ್ಪತ್ರೆಗಳಿಗೂ ಹೋಯಿತು. ಅಂದಮೇಲೆ ಸಾಧ್ಯವೇ ಎಂಬ ಪ್ರಶ್ನೆ ಮುಗಿಯಿತು. ಉಳಿದಿರುವ ಪ್ರಶ್ನೆ, ಕೆಲವೆಡೆ ಆಗುವುದು ಎಲ್ಲೆಡೆ ಏಕಾಗಬಾರದು ಎಂಬುದು.

ಹಳ್ಳಿಯ ಜನ ಬರೆದುಕೊಟ್ಟರೂ ಓದುವುದಿಲ್ಲ ಎಂಬುದು ಮೂರನೆಯದು. ತಮಗೆ ಓದು ಬಾರದಿದ್ದರೆ ಪಕ್ಕದ ಮನೆಯ ಹುಡುಗಿಯನ್ನು ಕರೆದು ಓದಿಸುತ್ತಾರೆ. ಹರಪನಹಳ್ಳಿಯ ಯಾವ ಓಣಿಯಲ್ಲಿಯೂ ಕನ್ನಡ ಓದುವ ಹೈಸ್ಕೂಲು ಹುಡುಗಿ ಸಿಗುತ್ತಾಳೆ, ಎಚ್.ಎಸ್. ಎಂದರೆ ಮಲಗುವಾಗ ಎಂದು ಬಲ್ಲವಳು ಸಿಗುವುದಿಲ್ಲ. ಬೇರೆ ಭಾಷೆಯವರ ಗತಿಯೇನು ಎಂದು ಕೇಳುವವರೂ ಉಂಟು. ಅವರಿಗೂ ಅವರ ಭಾಷೆಯಲ್ಲಿಯೇ ಕೊಡಬೇಕು. ನಮ್ಮ ತಾಲ್ಲೂಕಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಲ್ಲಿಯ ಮುದುಕಿಗೆ ಬಾಯಿಮಾತಿನಲ್ಲಿಯೇ ತಿಳಿಸಿ ಹೇಳಬೇಕು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮಲಗಿದ ಕನ್ನಡಿಗನಿಗೆ ಕನ್ನಡದಲ್ಲಿ, ಬೆಂಗಳೂರಿನಲ್ಲಿ ಮಲಗಿದ ತೆಲುಗನಿಗೆ ತೆಲುಗಿನಲ್ಲಿ ದೊರೆಯಬೇಕು. ನಾನು ಭಾಷೆಯ ಬಾವುಟ ಹಾರಿಸುತ್ತಿಲ್ಲ. ಗುಳಿಗೆ ಕೊಡುವ ಕೈಗೆ ತಿಳಿಯಬೇಕು, ಅಷ್ಟೆ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟುಬಿಟ್ಟರೆ ಪಕ್ಷಪಾತವಾದೀತು. ರೋಗಿಯನ್ನು ನೋಡಲು ಬರುವ ನಮ್ಮ ಬಂಧುಬಳಗ ಎಂಥದು! ಒಬ್ಬ ಹಿರಿಯರು ಬಂದು, ಬಾಣಂತಿಯ ಹಾಗೆ ನಲವತ್ತು ದಿನ ಹಾಸಿಗೆ ಬಿಟ್ಟೇಳಬಾರದು ಎನ್ನುತ್ತಾರೆ. ಇನ್ನೊಬ್ಬರು, ಇಂಗ್ಲಿಷು ಗುಳಿಗೆ ಮೈಗೆ ಕಾವು, ಬಿಟ್ಟು ಬೇರಿನ ಪುಡಿ ಕೊಡಿ ಎನ್ನುತ್ತಾರೆ. ಮೂರನೆಯವರು ಬಾಯಿ ಕೆಟ್ಟಿದೆಯೆಂದು ಕಟ್ಟಿಸಿಕೊಂಡು ಬಂದ ಮಿರ್ಚಿ ಮಂಡಕ್ಕಿಯ ಪೊಟ್ಟಣವನ್ನು ರೋಗಿಯ ಕೈಗೇ ಕೊಡುತ್ತಾರೆ. ಮನೆಯ ಸೊಸೆ ಏನು ಹೇಳಿಯಾಳು? ಹಿರಿಯರಿಗೆ ಎದುರು ಮಾತನಾಡಿದಳೆಂಬ ಹೆಸರು ಬರುತ್ತದೆ. ಅವಳ ಕೈಯಲ್ಲಿ ಆಸ್ಪತ್ರೆಯ ಮುದ್ರೆಯಿರುವ ಕನ್ನಡದ ಒಂದು ಪುಟವಿದ್ದರೆ, "ಮಾವಾರ, ಇಲ್ಲಿ ಬರದಾರ ನೋಡ್ರಿ" ಎಂದು ತೋರಿಸಬಹುದು. ಆ ಪುಟ ಬರಿಯ ತಿಳಿವಳಿಕೆಯಲ್ಲ, ಅವಳ ಬಾಯಿಗೆ ಬರುವ ಬಲ. ಇನ್ನು ಎದೆ ತೆರೆಸಿಕೊಂಡವಳು ಹೆಂಗಸೇ ಆದರೆ? ಹದಿನೈದು ದಿನಕ್ಕೆ ಅವಳೇ ಎದ್ದು ಕೊಡ ಹೊರುವುದನ್ನು ಕಂಡಿದ್ದೇನೆ. ಆ ಮನೆಯ ಗಂಡಸು ಓದುವಂತೆ ದೊಡ್ಡಕ್ಷರದಲ್ಲಿ ಬರೆದಿರಬೇಕು: ಮೂರು ತಿಂಗಳು ನೀರು ನೀನು ತಾ.

ಪತ್ರಿಕೆ ಓದುವ ನಗರದ ವಾಚಕರಿಗೆ ಇದು ಹಳ್ಳಿಯವರ ಕಷ್ಟವೆಂದು ತೋರಬಹುದು. ನಿಮ್ಮ ಮನೆಯಲ್ಲಿ ಇಂಗ್ಲಿಷು ಬಲ್ಲ ಮಗ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಗುಳಿಗೆ ಕೊಡುವವರು ಯಾರು? ಅಮ್ಮ. ಕೆಲಸದಾಕೆ. ಊರಿಂದ ಬಂದ ಅತ್ತೆ. ಮಗ ಬೆಂಗಳೂರಿನಲ್ಲಿದ್ದು ತಂದೆ ಕೂಡ್ಲಿಗಿಯಲ್ಲಿರುವ ಮನೆಗಳು ಈಗ ಎಷ್ಟಿಲ್ಲ? ಫೈಲು ದಪ್ಪವಾಗಿದೆ, ಇಂಗ್ಲಿಷಿನಲ್ಲಿದೆ, ಆಸ್ಪತ್ರೆ ದೊಡ್ಡದು ಎಂಬ ನಮ್ಮ ಹೆಮ್ಮೆಯೂ ಈ ಅನ್ಯಾಯಕ್ಕೆ ನೀರೆರೆದಿದೆ.

ನಾನು ಕೇಳುವುದು ಹೆಚ್ಚಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರಿಗೂ ಬಿಡುಗಡೆಯ ದಿನ ಅವರ ಭಾಷೆಯಲ್ಲಿ ದೊಡ್ಡಕ್ಷರದ ಒಂದು ಪುಟ ಕೊಡಬೇಕು. ಮನೆಯಲ್ಲಿ ನೋಡಿಕೊಳ್ಳುವವರನ್ನೇ ಕೂರಿಸಿ ಅರ್ಧ ಗಂಟೆ ಪಾಠ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಬೇಕು. ಆಹಾರದ ಪಟ್ಟಿಯಲ್ಲಿ ಓಟ್ಸ್ ಬರೆಯುವ ಮೊದಲು ನಮ್ಮ ಜೋಳದ ರೊಟ್ಟಿಯ ಹೆಸರು ಬರೆಯಬೇಕು. ಸಂಶಯ ಬಂದಾಗ ಕೇಳುವುದಕ್ಕೆ ಕನ್ನಡದಲ್ಲಿ ಉತ್ತರ ಬರುವ ಒಂದು ಫೋನ್ ನಂಬರು ಅದೇ ಪುಟದ ಕೆಳಗಿರಬೇಕು. ಇನ್ನೊಂದು ಪ್ರತಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಇದನ್ನು ಮಾಡಿಸುವ ದಾರಿ ಸರಕಾರದ ಕೈಯಲ್ಲಿಯೇ ಇದೆ. 1963ರಲ್ಲಿಯೇ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನಾಯಿತು. 2024ರಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆಂದಾಯಿತು. ಬಾಗಿಲ ಮೇಲೆ ಅರುವತ್ತು, ರೋಗಿಯ ಕೈಯಲ್ಲಿ ಸೊನ್ನೆ! ಆರೋಗ್ಯ ಯೋಜನೆಯ ಹಣಕ್ಕಾಗಿ ಆಸ್ಪತ್ರೆಗಳು ಹತ್ತಾರು ಕಾಗದಗಳನ್ನು ತಪ್ಪದೆ ಕಳಿಸುತ್ತವೆ. ಆ ಕಾಗದಗಳ ಜೊತೆಗೆ ಇನ್ನೊಂದು ಸೇರಲಿ: ಮನೆಯವರು ಓದಿ, ತಿಳಿದು, ಸಹಿಯೋ ಹೆಬ್ಬೆಟ್ಟೋ ಹಾಕಿದ ಕನ್ನಡದ ಪುಟ. ಅದು ಇಲ್ಲದ ಬಿಲ್ಲನ್ನು ಸರಕಾರ ತಡೆಹಿಡಿಯಲಿ. ಒಂದೇ ತಿಂಗಳಿನಲ್ಲಿ ಎಲ್ಲ ಆಸ್ಪತ್ರೆಗಳಿಗೂ ಕನ್ನಡ ಬರುತ್ತದೆ.